ರಾಣಿಗೊಬ್ಬ ರಾಜ ಬೇಕಾಗಿದ್ದಾನೆ

"ಒಂದು ಗೊಂಬೆ ಮಾಡುವುದು ಅದೇನು ಬ್ರಹ್ಮವಿದ್ಯೆಯೇ?" ಎಂದು ನಾನು ಕೇಳಿದ್ದು ಊಟವಾದ ಮೇಲೆ, ಉಯ್ಯಾಲೆಯಲ್ಲಿ ಕಾಲು ಚಾಚಿಕೊಂಡು. ಹೊಟ್ಟೆ ತುಂಬಿದ ಗಂಡಸು ಉಯ್ಯಾಲೆಯ ಮೇಲೆ ಆಡಿದ ಮಾತನ್ನು ಯಾವ ನ್ಯಾಯಾಲಯವೂ ಸಾಕ್ಷ್ಯವೆಂದು ಸ್ವೀಕರಿಸುವುದಿಲ್ಲ. ಆದರೆ ನನ್ನ ಹೆಂಡತಿ ವಿಶಾಲು ಸ್ವೀಕರಿಸಿದಳು!

ಅಲ್ಲಿಂದ ಶುರುವಾದ ಆಯಾಸ ನನಗೆ ಇನ್ನೂ ಇಳಿದಿಲ್ಲ.

ನನ್ನದು ವಿಮಾ ಕಚೇರಿಯಲ್ಲಿ ಗುಮಾಸ್ತೆಯ ಕೆಲಸ. ಕಚೇರಿಗೆ ನನ್ನ ಮೇಲೆ ಅದೆಂಥ ಪ್ರೀತಿಯೋ, ಒಂದೂರಿನ ನೀರು ಮೈಗೆ ಒಗ್ಗುವಷ್ಟರಲ್ಲಿ ಇನ್ನೊಂದೂರಿಗೆ ಎತ್ತಿಹಾಕುತ್ತಿತ್ತು. ಮೈಸೂರಿನಿಂದ ಬೆಜವಾಡಕ್ಕೆ, ಅಲ್ಲಿಂದ ಮದರಾಸಿಗೆ, ಆಮೇಲೆ ಒಂದೇ ನೆಗೆತಕ್ಕೆ ಗುಜರಾತಿನ ಬರೋಡಾಕ್ಕೆ. ಪ್ರತಿ ಊರಿನಿಂದಲೂ ನಾನು ಒಂದೊಂದು ಕಾಯಿಲೆ ತಂದರೆ ವಿಶಾಲು ಒಂದೊಂದು ಗೊಂಬೆ ತರುತ್ತಿದ್ದಳು. ಬೆಜವಾಡದಿಂದ ನನಗೆ ಮಂಡಿನೋವು, ಅವಳಿಗೆ ಕೊಂಡಪಲ್ಲಿಯ ಎತ್ತಿನ ಗಾಡಿ. ಮದರಾಸಿನಿಂದ ನನಗೆ ಹೊಟ್ಟೆಯುರಿ, ಅವಳಿಗೆ ಮಣ್ಣಿನ ಚೆಟ್ಟಿ ಮತ್ತು ಚೆಟ್ಟಮ್ಮ. ಗೊಂಬೆ ಮಾಡಿದವನ ಹೆಸರು, ಊರು, ಅವನ ಮಕ್ಕಳ ಸಂಖ್ಯೆ, ಎಲ್ಲವನ್ನೂ ಕೇಳಿ ತಿಳಿದುಕೊಂಡೇ ಕೊಳ್ಳುವವಳು ಅವಳು. ಯಾವ ಗೊಂಬೆಯ ಮೂಗು ಯಾರ ಕೈಯದು ಎಂದು ಕಣ್ಣು ಮುಚ್ಚಿಕೊಂಡು ಹೇಳಬಲ್ಲಳು. ನನ್ನ ಮೇಲಧಿಕಾರಿಯ ಹೆಸರು ಮಾತ್ರ ಅವಳಿಗೆ ಇವತ್ತಿಗೂ ನೆನಪಿಲ್ಲ.

ಈ ಎಲ್ಲ ಗೊಂಬೆಗಳಿಗೂ ಒಡೆಯರು ಅವಳ ತವರಿನ ಪಟ್ಟದ ಗೊಂಬೆಗಳು. ಮದುವೆಯಲ್ಲಿ ನನ್ನ ಮಾವನವರು ಕೊಟ್ಟ ಮರದ ರಾಜ ಮತ್ತು ರಾಣಿ. ದಸರೆಯ ಪಾಡ್ಯದ ದಿನ ಇವರಿಬ್ಬರನ್ನು ಮೇಲಿನ ಮೆಟ್ಟಿಲಲ್ಲಿ ನಿಲ್ಲಿಸದೆ ಅವಳು ಬೇರೆ ಯಾವ ಗೊಂಬೆಯನ್ನೂ ಮುಟ್ಟುತ್ತಿರಲಿಲ್ಲ. ಯಾವ ಊರಿರಲಿ, ಎಂಥ ಬಾಡಿಗೆ ಮನೆಯಿರಲಿ, ಒಂದು ವರ್ಷವೂ ಗೊಂಬೆ ಕೂರಿಸುವುದು ತಪ್ಪಿರಲಿಲ್ಲ.

ಬರೋಡಾದಲ್ಲಿ ನಮಗದು ಮೊದಲನೆಯ ಮಳೆಗಾಲ. ಭಾದ್ರಪದದಲ್ಲಿ ಒಂದು ದಿನ ನಾನು ಕಚೇರಿಯಿಂದ ಬಂದಾಗ ಗೊಂಬೆ ಪೆಟ್ಟಿಗೆ ಬಾಯಿ ತೆರೆದು ಕೂತಿತ್ತು. ವಿಶಾಲು ಅದರ ಮುಂದೆ ರಾಜನನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದಳು. ನೋಡಲು ರಾಜ ಸರಿಯಾಗಿಯೇ ಇದ್ದ. ಪೇಟ ಇತ್ತು, ಮೀಸೆ ಇತ್ತು. ನಾನು ಕೈಗೆತ್ತಿಕೊಂಡು, "ಏನಾಗಿದೆ ಇವನಿಗೆ?" ಎಂದು ಹೊಟ್ಟೆಯನ್ನು ಮೆಲ್ಲಗೆ ಒತ್ತಿದೆ. ನನ್ನ ಹೆಬ್ಬೆರಳು ಒಳಗೆ ಹೋಯಿತು. ಬೆನ್ನಿನಿಂದ ಹೊರಗೂ ಬಂತು!

"ಗೆದ್ದಲು ಕಣ್ರೀ," ಎಂದಳು ವಿಶಾಲು. "ಪೆಟ್ಟಿಗೆ ತುಂಬ ಇಷ್ಟೊಂದು ಗೊಂಬೆ ಇದಾವೆ. ಅವನೊಬ್ಬನೇ ಸಿಕ್ಕನಾ ಅದಕ್ಕೆ?"

"ಹೋಗಲಿ ಬಿಡು. ಈ ಸಲ ರಾಣಿ ಒಬ್ಬಳನ್ನೇ ಇಟ್ಟರಾಯಿತು."

ವಿಶಾಲು ನನ್ನನ್ನು ನೋಡಿದ ನೋಟವನ್ನು ಇಲ್ಲಿ ವರ್ಣಿಸುವುದಿಲ್ಲ. "ರಾಣಿ ಒಬ್ಬಳನ್ನೇ ನಿಲ್ಲಿಸಿದ್ರೆ ಏನರ್ಥ ಬರತ್ತೆ ಗೊತ್ತೇನ್ರೀ? ಹಬ್ಬದ ದಿನ, ಮುತ್ತೈದೆಯರನ್ನ ಕರೆದು, ಅದನ್ನ ತೋರಿಸ್ಲಾ? ಈ ವರ್ಷ ಗೊಂಬೆ ಕೂರಿಸೋದೇ ಬೇಡ. ನಾನು ಆಗಲೇ ಬೀದಿಯೋರನ್ನೆಲ್ಲ ಕರೆದುಬಿಟ್ಟಿದೀನಿ. ಬರಬೇಡಿ ಅಂತ ಹೇಳಿಬರ್ತೀನಿ."

ಅವಳು ಅತ್ತಿದ್ದರೆ ನನಗೆ ಅಭ್ಯಾಸವಿತ್ತು. ಅಳಲಿಲ್ಲ. ರಾಣಿಯನ್ನು ಹಳೆಯ ರೇಷ್ಮೆಯ ತುಂಡಿನಲ್ಲಿ ಸುತ್ತಿ ಮತ್ತೆ ಪೆಟ್ಟಿಗೆಯಲ್ಲಿಟ್ಟಳು. ಭಾಷೆ ಬಾರದ ಊರಿನಲ್ಲಿ ಆರು ತಿಂಗಳಿಂದ ಅವಳು ಕಾದದ್ದು ಈ ಒಂದು ಹಬ್ಬಕ್ಕೆ ಎಂದು ನನಗೆ ಗೊತ್ತಿತ್ತು. ನನಗೆ ನಿಜವಾಗಿಯೂ ಬೇಜಾರಾಯಿತು. ಆ ಬೇಜಾರಿನಲ್ಲೇ ಊಟ ಮಾಡಿದೆ, ಆ ಬೇಜಾರಿನಲ್ಲೇ ಉಯ್ಯಾಲೆ ಏರಿದೆ, ಬ್ರಹ್ಮವಿದ್ಯೆಯ ಮಾತು ಆಡಿದೆ.

"ನೀವು ಮಾಡ್ತೀರಾ?" ಎಂದಳು ವಿಶಾಲು.

"ಮಾಡದೆ ಏನು?"

"ಹೋದ ವಾರ ಬಟ್ಟೆ ಒಣಹಾಕೋ ಹಗ್ಗಕ್ಕೆ ಒಂದು ಮೊಳೆ ಹೊಡೆಯೋಕೆ ಪಕ್ಕದ ಮನೆಯೋರನ್ನ ಕರೆದ್ರಿ."

"ಮೊಳೆ ಬೇರೆ, ಕಲೆ ಬೇರೆ!" ಎಂದೆ.

ನಮ್ಮಜ್ಜಿ ಕಾಗದ ನೆನೆಸಿ ಮೆಂತ್ಯದ ಜೊತೆ ರುಬ್ಬಿ ಬುಟ್ಟಿಗಳನ್ನು ಮಾಡುತ್ತಿದ್ದದ್ದು ನನಗೆ ನೆನಪಿತ್ತು. ಬುಟ್ಟಿ ಆಗುವುದಾದರೆ ರಾಜ ಏಕಾಗಬಾರದು? ಹಳೆಯ ಗುಜರಾತಿ ಪತ್ರಿಕೆಗಳನ್ನೆಲ್ಲ ಸ್ನಾನದ ಬಕೆಟ್ಟಿನಲ್ಲಿ ನೆನೆಹಾಕಿದೆ. ಭಾನುವಾರವಿಡೀ ಒರಳ ಮುಂದೆ ಕೂತು ಕಾಗದ, ಮೆಂತ್ಯ ರುಬ್ಬಿದೆ. ಸೊಂಟ ಬಿದ್ದುಹೋಯಿತು. ಮನೆಯೆಲ್ಲ ಮೆಂತ್ಯದ ವಾಸನೆ. ಪಕ್ಕದ ಮನೆಯ ಜಸುಬೆನ್ ಬಾಗಿಲಲ್ಲಿ ಮುಖ ತೂರಿಸಿ, "ಮೇಥಿ ಥೇಪ್ಲಾ ಮಾಡ್ತಿದೀರಾ?" ಎಂದು ತಮ್ಮ ಮೆಂತ್ಯದ ರೊಟ್ಟಿಯ ಬಗ್ಗೆ ಹಿಂದಿಯಲ್ಲಿ ಕೇಳಿದರು. ಈಕೆಯ ಗಂಡ ಕೊಯಾಲಿಯ ರಿಫೈನರಿಗೆ ಕೆಲಸಕ್ಕೆ ಹೋಗುತ್ತಿದ್ದ ಗಟ್ಟಿಗ. ನಮ್ಮ ಮೊಳೆ ಹೊಡೆದುಕೊಟ್ಟವನು ಅವನೇ.

"ಇಲ್ಲ ಬೆನ್," ಎಂದಳು ವಿಶಾಲು. "ರಾಜನನ್ನ ಮಾಡ್ತಿದಾರೆ."

ಜಸುಬೆನ್ ತೂರಿಸಿದ ಮುಖವನ್ನು ಹಾಗೆಯೇ ಹಿಂದಕ್ಕೆ ಎಳೆದುಕೊಂಡರು.

ಆ ದಿನಗಳಲ್ಲಿ ನನಗೆ ಸ್ಫೂರ್ತಿ ಎಂಬುದು ಬಂದಿತ್ತು. ಬಂದವರಿಗೇ ಗೊತ್ತು ಅದರ ಕಾಟ. ಬಸ್ಸಿನಲ್ಲಿ ಎದುರು ಕೂತವರ ಮೂಗನ್ನು ದಿಟ್ಟಿಸಿ ನೋಡಿ ಬೈಸಿಕೊಂಡೆ. ಕಚೇರಿಯಲ್ಲಿ ನಮ್ಮ ಸಾಹೇಬರಾದ ಮೆಹತಾ ಅವರು ಏನೋ ಹೇಳುತ್ತಿದ್ದರೆ ನಾನು ಅವರ ಗಲ್ಲವನ್ನು ಮನಸ್ಸಿನಲ್ಲೇ ತಟ್ಟಿ ದುಂಡಗೆ ಮಾಡುತ್ತಿದ್ದೆ. "ಕಲಾವಿದ ಮೊದಲು ನೋಡಲು ಕಲಿಯಬೇಕು," ಎಂದು ವಿಶಾಲುಗೆ ವಿವರಿಸಿದೆ. "ಮೊದಲು ಬಕೆಟ್ ತೊಳೆಯೋಕೆ ಕಲೀರಿ, ಬೆಳಿಗ್ಗೆಯಿಂದ ಯಾರದೂ ಸ್ನಾನ ಆಗಿಲ್ಲ," ಎಂದಳು ಅವಳು.

ಅಂತೂ ಒಬ್ಬ ರಾಜ ತಯಾರಾದ. ಪತ್ರಿಕೆಯ ಮಸಿ ಕಲೆತು ಮೈ ಬೂದುಬಣ್ಣವಾಗಿತ್ತು. ಹೊಟ್ಟೆ ಸ್ವಲ್ಪ ಮುಂದೆ ಬಂದಿತ್ತು. ಕುತ್ತಿಗೆ ಭಾರ ತಡೆಯಲಾರದೆ ಅವನು ತನ್ನ ಹೊಟ್ಟೆಯನ್ನೇ ನೋಡಿಕೊಂಡು ದುಃಖಪಡುತ್ತಿದ್ದ. ಆದರೂ ಅವನು ರಾಜ! ಅದು ನನ್ನ ಸೃಷ್ಟಿ! ಒಣಗಲೆಂದು ಅವನನ್ನು ಮಾಳಿಗೆಯ ಮೇಲೆ ಬಿಸಿಲಿನಲ್ಲಿ ಕೂರಿಸಿ ಕೆಳಗೆ ಬಂದು ಒಂದು ಲೋಟ ಕಾಫಿ ಕುಡಿದೆ.

ಬರೋಡಾದ ಮಾಳಿಗೆಗಳು ಮನುಷ್ಯರಿಗೆ ಸೇರಿದವಲ್ಲ, ಕರಿಮೂತಿಯ ಮುಸುವಗಳಿಗೆ ಸೇರಿದವು. ಈ ವಿಷಯವನ್ನು ಬಾಡಿಗೆ ಕರಾರಿನಲ್ಲಿ ಯಾರೂ ಬರೆದಿರಲಿಲ್ಲ. ಮೇಲೆ ಹೋಗಿ ನೋಡಿದರೆ ನೀರಿನ ತೊಟ್ಟಿಯ ಮೇಲೆ ಒಂದು ದೊಡ್ಡ ಮುಸುವ ಕೂತು ಮೆಂತ್ಯದ ಪರಿಮಳದ ರಾಜನ ತಲೆಯನ್ನು ಸಮಾಧಾನವಾಗಿ ತಿನ್ನುತ್ತಿತ್ತು. ನನ್ನನ್ನು ಕಂಡು ಅರ್ಧ ತಿಂದ ತಲೆಯನ್ನು ನನ್ನ ಕಡೆಗೇ ಎಸೆಯಿತು. ಅದಕ್ಕೂ ರುಚಿಸಿರಲಿಲ್ಲ.

ತಲೆಯಿಲ್ಲದ ಮುಂಡವನ್ನು ಕೆಳಗೆ ತಂದೆ. ವಿಶಾಲು ನೋಡಿದಳು.

"ಗೆದ್ದಲು ತಿಂದೋನಿಗೆ ತಲೆಯಾದ್ರೂ ಇತ್ತು," ಎಂದಳು.

ಹಬ್ಬ ಹತ್ತಿರ ಬಂದಿತ್ತು. ನನಗೆ ಸಾಕಾಗಿತ್ತು. ಆದರೆ ವಿಶಾಲು ಮೆಟ್ಟಿಲಿಗೆಂದು ತೊಳೆದಿಟ್ಟ ಹಲಗೆಗಳು ಗೋಡೆಗೆ ಒರಗಿಕೊಂಡು ಹಾಗೇ ನಿಂತಿದ್ದವು. ಬೆಳಿಗ್ಗೆ ಸಂಜೆ ಅವನ್ನು ದಾಟಿಕೊಂಡೇ ನಾನು ಓಡಾಡಬೇಕು. ಕೊನೆಗೆ, ಕೈಲಾಗದಿದ್ದರೆ ಕೈಲಾಗುವವನ ಹತ್ತಿರ ಹೋಗುವುದೇ ವಿವೇಕ ಎಂದು ತೀರ್ಮಾನಿಸಿದೆ. ಹಳೆ ಪೇಟೆಯ ಮಾಂಡವಿಯ ಹತ್ತಿರ ಮಣಿಕಾಕಾ ಎಂಬ ಮುದುಕನ ಅಂಗಡಿಯಿತ್ತು. ಸಂಖೇಡದಿಂದ ಬಂದವನು, ಅರಗಿನ ಬಣ್ಣ ಹಚ್ಚಿ ಮರದ ತೊಟ್ಟಿಲು, ಕೋಲಾಟದ ಕೋಲು, ಗೊಂಬೆ ಮಾಡುತ್ತಿದ್ದ. ನಮ್ಮ ಚನ್ನಪಟ್ಟಣದವರಿಗೆ ದೂರದ ಬೀಗನಾಗಬೇಕು ಎನ್ನುವಂಥ ಕೆಲಸ.

"ನಾನೂ ಬರ್ತೀನಿ," ಎಂದಳು ವಿಶಾಲು. "ನಿಮಗೆ ಗುಜರಾತಿ ಬರಲ್ಲ."

ಅವಳು ಜಸುಬೆನ್ ಜೊತೆ ಕೂತು ಅಷ್ಟಿಷ್ಟು ಕಲಿತಿದ್ದಳು. ಆದರೆ ನನ್ನ ಬಳಿ ಒಂದು ಸಿದ್ಧಾಂತವೇ ಇತ್ತು. ಕನ್ನಡ ಮಾತಿನ ಬಾಲ ಕತ್ತರಿಸಿ ಅಲ್ಲೊಂದು 'ವಾಲಾ' ಅಂಟಿಸಿದರೆ ಗುಜರಾತಿ! ಹಾಲು ಮಾರುವವ ದೂಧ್‌ವಾಲಾ, ತರಕಾರಿಯವ ಶಾಕ್‌ವಾಲಾ. ಈ ಸಿದ್ಧಾಂತದ ಬಲದಿಂದ ಆರು ತಿಂಗಳು ಹಸಿವಿನಿಂದ ಸಾಯದೆ ಬದುಕಿದ್ದೆ. "ನೀನು ಮನೆಯಲ್ಲಿರು. ನಿನ್ನ ಪಟ್ಟದ ಗೊಂಬೆ ಬಂದಾಗ ಆರತಿ ಎತ್ತುವುದಷ್ಟೇ ನಿನ್ನ ಕೆಲಸ," ಎಂದು ಹೊರಟೆ.

ಮಣಿಕಾಕಾನ ಮುಂದೆ ಕೂತು 'ರಾಜಾ' ಎಂದಿದ್ದರೆ ಸಾಕಿತ್ತು. ಆದರೆ ಸಾಕು ಎನ್ನುವಲ್ಲಿ ನಿಲ್ಲುವ ಜಾತಿ ನನ್ನದಲ್ಲ. ಯಾವುದೋ ಆಟದ ರಾಜನನ್ನು ಮಾಡಿ ನನ್ನ ತಲೆಗೆ ಕಟ್ಟಿಬಿಟ್ಟರೆ? ನಮಗೆ ಬೇಕಾದದ್ದು ಪಟ್ಟದ ಗೊಂಬೆ. ಸ್ಪಷ್ಟವಾಗಿ ಹೇಳಬೇಕು. ಗೊಂಬೆಗೆ ಢೀಂಗಲೋ ಎನ್ನುತ್ತಾರೆ ಎಂದು ತಿಳಿದಿತ್ತು. ಪಟ್ಟದ ಎನ್ನುವುದಕ್ಕೆ ಸಿದ್ಧಾಂತ ಇದ್ದೇ ಇತ್ತು.

"ಪಟ್ಟಾವಾಲಾ ಢೀಂಗಲೋ!" ಎಂದೆ, ಒಂದೊಂದು ಅಕ್ಷರವನ್ನೂ ಬಿಡಿಸಿ.

ಮುದುಕನ ಮುಖ ಅರಳಿತು. ಮುಂದಿನ ಸಂಭಾಷಣೆಯನ್ನು ನನಗೆ ಅರ್ಥವಾದಷ್ಟು ಕನ್ನಡದಲ್ಲೇ ಕೊಡುತ್ತೇನೆ.

"ಪಟ್ಟಾವಾಲಾ! ಭೇಷ್, ಇದುವರೆಗೆ ಯಾರೂ ಕೇಳಿರಲಿಲ್ಲ. ಸರ್ಕಾರಿಯೋ ಖಾಸಗಿಯೋ?"

ರಾಜನಲ್ಲಿ ಖಾಸಗಿ ಬೇರೆ ಉಂಟೇ! "ಸರ್ಕಾರಿ. ಸರ್ಕಾರ ಅಂದರೆ ಅವನೇ," ಎಂದೆ.

"ಅದೂ ನಿಜವೇ," ಎಂದು ಮಣಿಕಾಕಾ ನಿಟ್ಟುಸಿರು ಬಿಟ್ಟ. "ಪೇಟ?"

"ಇರಲೇಬೇಕು."

"ಎದೆಯ ಮೇಲೆ ಅಡ್ಡಪಟ್ಟಿ?"

ಮಹಾರಾಜರ ಪಟಗಳಲ್ಲಿ ಎದೆಯ ಮೇಲೆ ರೇಷ್ಮೆಯ ಪಟ್ಟಿ ಇಳಿಬಿಟ್ಟಿರುವುದು ನೆನಪಾಯಿತು. ಮುದುಕನಿಗೆ ಎಷ್ಟೊಂದು ತಿಳಿದಿದೆ ಎಂದು ಸಂತೋಷವಾಯಿತು. "ಇರಲಿ. ಕೆಂಪಗೆ."

"ಹಿತ್ತಾಳೆ ಬಿಲ್ಲೆ?"

ಪದಕ! "ದೊಡ್ಡದೇ ಇರಲಿ."

"ಸ್ಟೂಲಿನ ಮೇಲೆ ಕೂರಿಸಲೋ, ನಿಲ್ಲಿಸಲೋ?"

ಸಿಂಹಾಸನಕ್ಕೆ ಇವರು ಸ್ಟೂಲು ಎನ್ನುತ್ತಾರಾಗಿರಬೇಕು ಎಂದುಕೊಂಡೆ. "ನಿಲ್ಲಿಸಿ. ಪಕ್ಕದಲ್ಲಿ ರಾಣಿ ನಿಂತಿರುತ್ತಾಳೆ."

"ರಾಣಿ ಎಂದ ಮೇಲೆ ಪಟ್ಟಾವಾಲಾ ಬೇಕೇ ಬೇಕು," ಎಂದು ಅವನು ತಲೆದೂಗಿದ. ನಾನೂ ತಲೆದೂಗಿದೆ. ಎರಡು ಭಾಷೆಯವರ ನಡುವೆ ಇಷ್ಟು ಪೂರ್ತಿಯಾದ ಒಪ್ಪಂದವನ್ನು ನಾನು ಮತ್ತೆಲ್ಲೂ ಕಂಡಿಲ್ಲ.

"ಕೈಯಲ್ಲಿ ಏನು?"

"ರೂಢಿಯಲ್ಲಿ ಏನಿರುತ್ತದೋ ಅದು."

"ಮುಖ?"

"ಯಾರದಾದರೂ ಆಗಲಿ ಕಾಕಾ. ನೀವು ದಿನಾ ನೋಡುವ ಮುಖ."

ಯಾವಾಗ ಸಿಗುತ್ತದೆ ಎಂದು ಕೇಳಿದ್ದಕ್ಕೆ "ಕಾಲೇ" ಎಂದ. ಗುಜರಾತಿಯಲ್ಲಿ ಕಾಲೇ ಎಂದರೆ ನಾಳೆಯೂ ಹೌದು, ನಿನ್ನೆಯೂ ಹೌದು. ಮರುದಿನ ಹೋದೆ. ಕಾಲೇ. ಅದರ ಮರುದಿನವೂ ಕಾಲೇ. ಕಚೇರಿ ಮುಗಿಸಿ ಬಸ್ಸಿಗೆ ಜೋತುಬಿದ್ದು ಮಾಂಡವಿಗೆ ಹೋಗುವುದು, ಅಂಗಡಿಯ ಮುಂದೆ ಮುಖ ಇಳಿಸಿಕೊಂಡು ನಿಲ್ಲುವುದು, ಕಾಲೇ ಎನ್ನಿಸಿಕೊಂಡು ವಾಪಸು ಬರುವುದು ನನ್ನ ದಿನಚರಿಯಾಯಿತು. ಮುದುಕ ಮಾತ್ರ ನನ್ನನ್ನು ಕಂಡಾಗಲೆಲ್ಲ ಕೆಲಸ ನಿಲ್ಲಿಸಿ ಬಲು ಅಕ್ಕರೆಯಿಂದ ನನ್ನ ಮುಖ ನೋಡುತ್ತಿದ್ದ. ಒಳ್ಳೆಯ ಮನುಷ್ಯ ಎಂದುಕೊಂಡೆ.

ಕೊನೆಗೆ ಪಾಡ್ಯದ ದಿನವೇ ಕೊಡುತ್ತೇನೆ ಎಂದ. ಮೆಹತಾ ಸಾಹೇಬರ ಮುಂದೆ ನಿಂತು ರಜಾ ಕೇಳಿದೆ. ನಮ್ಮ ರಜಾ ಅವರಿಗೂ ರಜಾನೇ. ಅದೊಂದು ಮಾತಿಗೆ ನನ್ನ ಸಿದ್ಧಾಂತದ ಅಗತ್ಯವಿರಲಿಲ್ಲ.

"ಯಾಕೆ ರಜಾ?" ಎಂದರು.

"ರಾಜನಿಗಾಗಿ, ಸರ್."

ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿ, ಇವನಿಗೆ ನಿಜವಾಗಿಯೂ ವಿಶ್ರಾಂತಿ ಬೇಕು ಎಂದು ಕಂಡುಕೊಂಡು, ರುಜು ಹಾಕಿದರು.

ಮಣಿಕಾಕಾ ಗೊಂಬೆಯನ್ನು ಹತ್ತಿಯಲ್ಲಿ ಸುತ್ತಿ, ಮೇಲೆ ಕಾಗದ ಸುತ್ತಿ, ಹುರಿಯಿಂದ ಬಿಗಿದು ಕಟ್ಟಿಟ್ಟಿದ್ದ. "ಬಣ್ಣ ಹಸಿಯಿದೆ, ದಾರಿಯಲ್ಲಿ ಬಿಚ್ಚಬೇಡಿ," ಎಂದ. ಅಷ್ಟು ದಿನ ಕಾಯಿಸಿದ್ದಕ್ಕೆ ಬೈಯಬೇಕೆಂದು ಹೋದವನು ಕೈಮುಗಿದು ಬಂದೆ. ದಾರಿಯುದ್ದಕ್ಕೂ ಮಗುವಿನಂತೆ ಎದೆಗವಚಿಕೊಂಡು ತಂದೆ.

ಮನೆಯಲ್ಲಿ ಬೇರೆಯೇ ಲೋಕ. ಮೆಟ್ಟಿಲುಗಳು ನಿಂತು ಮೇಲೆ ಬಿಳಿಯ ಬಟ್ಟೆ ಹಾಸಿತ್ತು. ರಾಣಿಗೆ ಸೂರತ್ತಿನ ಜರಿಯಂಚಿನ ಹೊಸ ಸೀರೆ. ಅವಳ ಪಕ್ಕದಲ್ಲಿ ಖಾಲಿ ಜಾಗ. ಬೀದಿಯ ಹೆಂಗಸರೆಲ್ಲ ಗರಬಾ ಕುಣಿಯಲು ಸಿಂಗರಿಸಿಕೊಂಡವರು, ಮೊದಲು ನಮ್ಮ ಗೊಂಬೆ ನೋಡಿ ಹೋಗೋಣವೆಂದು ಬಂದು ಕೂತಿದ್ದರು. ಜಸುಬೆನ್ ತಮ್ಮ ಅತ್ತೆಯನ್ನೂ ಕರೆತಂದಿದ್ದರು. ಎಲ್ಲರೂ 'ಬಾ', ಅಂದರೆ ಅಮ್ಮ, ಎಂದು ಕರೆಯುತ್ತಿದ್ದ ಆ ಮುದುಕಿ ಉಯ್ಯಾಲೆಯನ್ನು ಆಕ್ರಮಿಸಿಕೊಂಡಿದ್ದರು. ವಿಶಾಲುವಿನ ಮುಖದಲ್ಲಿ ಬರೋಡಾಕ್ಕೆ ಬಂದ ಮೇಲೆ ನಾನು ಕಾಣದಿದ್ದ ಕಳೆ ಇತ್ತು. ಆರತಿ ತಟ್ಟೆ ಹಿಡಿದುಕೊಂಡು, "ಬಿಚ್ರೀ," ಎಂದಳು.

ಹುರಿ ಬಿಚ್ಚಿದೆ. ಕಾಗದ ತೆಗೆದೆ. ಹತ್ತಿಯನ್ನು ಪಾದದಿಂದ ಮೇಲಕ್ಕೆ ಬಿಡಿಸುತ್ತಾ ಬಂದೆ. ಕಾಲಲ್ಲಿ ಸವೆದ ಚಪ್ಪಲಿ. ರಾಜನಿಗೆ ಚಪ್ಪಲಿಯೇ? ಅದರ ಮೇಲೆ ಖಾಕಿ ಷರಾಯಿ. ಖಾಕಿಯೇ! ಎದೆಯ ಮೇಲೆ ಕೆಂಪು ಪಟ್ಟಿ, ಅದರ ನಡುವೆ ತಳತಳ ಹೊಳೆಯುವ ಹಿತ್ತಾಳೆ ಬಿಲ್ಲೆ. ಒಂದು ಕಂಕುಳಲ್ಲಿ ಫೈಲುಗಳ ಕಟ್ಟು. ಇನ್ನೊಂದು ಕೈಯಲ್ಲಿ ತಟ್ಟೆ. ತಟ್ಟೆಯಲ್ಲಿ ಒಂದು ಕಪ್ ಚಹಾ!

ಜಸುಬೆನ್ ಚಪ್ಪಾಳೆ ತಟ್ಟಿ ಕೂಗಿದರು: "ಅರೇ, ಪಟ್ಟಾವಾಳೋ!"

"ಹೌದು, ಪಟ್ಟಾವಾಲಾ. ನಾನು ಹೇಳಿದ್ದೂ ಅದನ್ನೇ," ಎಂದೆ ಕ್ಷೀಣವಾಗಿ.

ವಿಶಾಲು ಆರತಿ ತಟ್ಟೆ ಕೆಳಗಿಟ್ಟಳು. "ರೀ. ಪಟ್ಟಾವಾಲಾ ಅಂದ್ರೆ ಇಲ್ಲಿ ಏನು ಗೊತ್ತಾ? ಕಚೇರಿ ಜವಾನ! ಎದೆಗೆ ಪಟ್ಟಿ ಹಾಕ್ಕೊಂಡಿರ್ತಾನಲ್ಲ, ಅದಕ್ಕೇ ಆ ಹೆಸರು. ನಿಮ್ಮ ಕಚೇರೀಲಿ ಇಲ್ವಾ?"

ಇದ್ದ. ನಾವು ಅವನನ್ನು ಪ್ಯೂನ್ ಎನ್ನುತ್ತಿದ್ದೆವು. ನನಗೆ ಅಲ್ಲೇ ನೆಲದ ಮೇಲೆ ಮಲಗಿಬಿಡೋಣ ಎನಿಸಿತು. ತಿಂಗಳಿಡೀ ರುಬ್ಬಿದ್ದು, ಅಲೆದದ್ದು, ಮುಸುವದಿಂದ ಹೊಡೆಸಿಕೊಂಡದ್ದು, ಎಲ್ಲ ಮಾಡಿ ರಾಣಿಯ ಪಕ್ಕಕ್ಕೆ ಒಬ್ಬ ಜವಾನನನ್ನು ತಂದಿದ್ದೆ. ಅದೂ ತುಂಬಿದ ಸಭೆಯಲ್ಲಿ. ವಿಶಾಲುವಿನ ಮುಖ ನೋಡಲು ಧೈರ್ಯವಾಗಲಿಲ್ಲ.

ಬಾ ಉಯ್ಯಾಲೆಯ ಮೇಲಿಂದ ಕೇಳಿದರು: "ರಾಜಾ ಕ್ಯಾಂ ಛೇ?" ರಾಜ ಎಲ್ಲಿ?

ಎಲ್ಲರೂ ವಿಶಾಲು ಕಡೆ ತಿರುಗಿದರು. ಅವಳು ಒಮ್ಮೆ ರಾಣಿಯನ್ನು, ಒಮ್ಮೆ ಜವಾನನನ್ನು, ಒಮ್ಮೆ ನನ್ನನ್ನು ನೋಡಿದಳು. ತುಟಿ ಅದುರಿತು. ಅಳು ಬಂತು ಎಂದುಕೊಂಡೆ.

"ರಾಜಾ ರಜಾ ಪರ್ ಛೇ!" ಎಂದಳು. ರಾಜ ರಜದ ಮೇಲಿದ್ದಾನೆ!

ಆ ನಗು ಬೀದಿಯ ತುದಿಯವರೆಗೂ ಕೇಳಿರಬೇಕು. ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ವಿಶಾಲು ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು. ನನಗೆ ಹೋದ ಜೀವ ಬಂದಂತಾಯಿತು. ಬಂದ ಜೀವ ನಿಲ್ಲುವಷ್ಟರಲ್ಲಿ ಬಾ ಗೊಂಬೆಯನ್ನು ತರಿಸಿಕೊಂಡು ಕಣ್ಣಿನ ಹತ್ತಿರ ಹಿಡಿದರು. ಅದರ ಮುಖ ನೋಡಿದರು. ತಲೆಯೆತ್ತಿ ನನ್ನ ಮುಖ ನೋಡಿದರು.

"ಆ ತೋ ಭಾಯಿ ಛೇ!" ಎಂದರು. ಇದು ಈ ಮನೆಯ ಯಜಮಾನರೇ!

ಆಗಲೇ ನಾನೂ ಸರಿಯಾಗಿ ನೋಡಿದ್ದು. ಮೂಗಿನ ತುದಿಗೆ ಜಾರಿದ ಕನ್ನಡಕ. ಇಳಿಬಿದ್ದ ಮೀಸೆ. ಕಣ್ಣಿನ ಕೆಳಗೆ ಎರಡು ಚೀಲ. ಬಸ್ಸಿಗೆ ಜೋತುಬಿದ್ದು ಬಂದು ಕಾಲೇ ಎನ್ನಿಸಿಕೊಂಡವನ ಸುಸ್ತು. ಮುದುಕ ದಿನಾ ನೋಡುತ್ತಿದ್ದ ಮುಖ ಬೇರೆ ಯಾರದಿರಲು ಸಾಧ್ಯ?

"ನಾಳೆ ವಾಪಸು ಕೊಟ್ಟು ಬರ್ತೀನಿ ಕಣೇ," ಎಂದು ಮೆಲ್ಲಗೆ ಹೇಳಿದೆ. "ಬೇರೆ ಮಾಡಿಸ್ತೀನಿ."

ವಿಶಾಲು ಅದನ್ನು ಬಾ ಕೈಯಿಂದ ತೆಗೆದುಕೊಂಡು ತುಂಬ ಹೊತ್ತು ನೋಡಿದಳು. ಎಲ್ಲ ಗೊಂಬೆಗಳನ್ನೂ ನೋಡುವಂತೆ ತಿರುಗಿಸಿ, ಮೂಗಿನ ಮೇಲೆ ಬೆರಳಾಡಿಸಿ ನೋಡಿದಳು.

"ಎಂಥ ಕೈ ರೀ ಆ ಮುದುಕನದು! ಇಂಥ ಗೊಂಬೆ ನನ್ನ ಹತ್ರ ಒಂದೂ ಇರಲಿಲ್ಲ. ವಾಪಸು ಯಾಕೆ? ನಮ್ಮಪ್ಪನೂ ರಾಜನಂಥ ಗಂಡ ಅಂತಲೇ ಹೇಳಿದ್ರು. ಬಿಚ್ಚಿ ನೋಡಿದ್ರೆ ಇದೇ ಇತ್ತು. ನಾನೇನು ವಾಪಸು ಕೊಟ್ನಾ?"

ಹೇಳಿ, ಅವನನ್ನು ರಾಣಿಯ ಪಕ್ಕದ ಖಾಲಿ ಜಾಗದಲ್ಲೇ ನಿಲ್ಲಿಸಿ, ಆರತಿ ಎತ್ತಿದಳು. ಗೊಂಬೆ ಕೂತಿತು. ಹಬ್ಬ ಉಳಿಯಿತು. ಏನಾದರೂ ಒಳ್ಳೆಯ ಮಾತು ಹೇಳೋಣವೆಂದು ಬಾಯಿ ತೆರೆದೆ.

"ಏನು ನಿಂತ್ಕೊಂಡ್ರಿ? ಉಸಲಿ ತನ್ನಿ," ಎಂದಳು.

ಒಳಗೆ ಹೋಗಿ ಕಡಲೆಕಾಳಿನ ಉಸಲಿಯ ತಟ್ಟೆ ಎತ್ತಿಕೊಂಡೆ. ಜಾರುತ್ತಿದ್ದ ಅಂಗವಸ್ತ್ರವನ್ನು ಎದೆಯ ಮೇಲೆ ಅಡ್ಡಲಾಗಿ ಬಿಗಿದುಕೊಂಡೆ. ದೊನ್ನೆಗಳ ಕಟ್ಟನ್ನು ಹಿಡಿಯಲು ಇನ್ನೊಂದು ಕೈ ಇಲ್ಲದೆ ಕಂಕುಳಲ್ಲಿ ಸಿಕ್ಕಿಸಿಕೊಂಡು ಹೊರಗೆ ಬಂದೆ. ಎಲ್ಲರೂ ಒಮ್ಮೆ ಮೇಲಿನ ಮೆಟ್ಟಿಲನ್ನು, ಒಮ್ಮೆ ನನ್ನನ್ನು ನೋಡಿದರು. ಬಾ ಮಾತ್ರ ಕೈಚಾಚಿ ಒಂದು ದೊನ್ನೆ ಉಸಲಿ ತೆಗೆದುಕೊಂಡು ಬಾಯಿಗೆ ಹಾಕಿಕೊಂಡು, ಇದಕ್ಕೆ ಸಕ್ಕರೆ ಹಾಕಿಲ್ಲವೇ ಎಂದು ಕೇಳಿದರು.

ತಟ್ಟೆ ಹಿಡಿದು ನಿಂತೇ ಇದ್ದೆ. ಮೇಲೆ ಅವನು, ಕೆಳಗೆ ನಾನು. ಅವನ ಎದೆಯ ಮೇಲೆ ಬಿಲ್ಲೆಯಾದರೂ ಇತ್ತು!